ಹಲ್ಲು: ಹೆಸರಿಲ್ಲದವರ ಶಾಸನ

ಮಗುವಿನ ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವುದು ಕನ್ನಡನಾಡಿನ ಹಲವು ಕಡೆಗಳಲ್ಲಿ ನಡೆದುಬಂದ ರೂಢಿ. ಹೊಸ ಹಲ್ಲು ಬೇಗ ಮೂಡಲಿ, ಗಟ್ಟಿಯಾಗಿ ಮೂಡಲಿ ಎಂಬುದು ಮನೆಯ ಹಿರಿಯರ ಹಾರೈಕೆ. ಎಸೆದ ಹಲ್ಲನ್ನು ಮತ್ತೆ ಯಾರೂ ಹುಡುಕುವುದಿಲ್ಲ. ಆದರೆ ಅಷ್ಟು ಚಿಕ್ಕದಾದ ಆ ವಸ್ತುವಿನೊಳಗೆ ಮಗು ತಾಯಿಯ ಗರ್ಭದಲ್ಲಿದ್ದ ತಿಂಗಳುಗಳ ಗುರುತು, ಹುಟ್ಟಿದ ದಿನದ ಗುರುತು, ಎಳವೆಯಲ್ಲಿ ಉಂಡ ಆಹಾರದ ಗುರುತು ಎಲ್ಲವೂ ಅಡಗಿವೆಯೆಂಬುದು ಆಧುನಿಕ ವಿಜ್ಞಾನವು ತೋರಿಸಿಕೊಟ್ಟಿರುವ ಸತ್ಯ.

ಸಂಸ್ಕೃತದಲ್ಲಿ ಹಲ್ಲಿಗೆ ದಂತ, ದಶನ, ರದನ ಎಂಬ ಹೆಸರುಗಳಿರುವಂತೆ ದ್ವಿಜ ಎಂಬ ಹೆಸರೂ ಉಂಟು. ಎರಡು ಸಲ ಹುಟ್ಟುವುದರಿಂದ ಆ ಹೆಸರು ಸಾರ್ಥಕವಾಗಿದೆ. ದಶನವೆಂದರೆ ಕಚ್ಚುವುದು. ರದನವೆಂಬುದು ‘ರದ್’ ಧಾತುವಿನಿಂದ ಹುಟ್ಟಿದ್ದು. ಗೀರುವುದು, ಕೆರೆಯುವುದು ಎಂದು ಅದರ ಅರ್ಥ. ಲೇಖನವೆಂಬ ಶಬ್ದದ ಮೂಲದಲ್ಲಿರುವುದೂ ಗೀರುವ ಕ್ರಿಯೆಯೇ. ಹೀಗೆ ಆಹಾರವನ್ನು ಗೀರುವ ಹಲ್ಲಿನ ಮೇಲೆ ಆ ಆಹಾರವೂ, ನೀರೂ, ರೋಗವೂ, ಕಸುಬೂ ತಮ್ಮ ಗೀರುಗಳನ್ನು ಉಳಿಸಿ ಹೋಗುತ್ತವೆ. ಆ ಗೀರುಗಳನ್ನು ಓದುವ ವಿದ್ಯೆ ಇಂದು ಚರಿತ್ರೆಯ ಅಧ್ಯಯನಕ್ಕೆ ದೊಡ್ಡ ಆಸರೆಯಾಗಿ ಬೆಳೆದಿದೆ.

ಚರಿತ್ರೆಯನ್ನು ಅರಿಯಲು ಶಿಲಾಶಾಸನ, ತಾಮ್ರಪಟ, ಓಲೆಗರಿ, ನಾಣ್ಯ ಇವು ವಿದ್ವಾಂಸರಿಗೆ ಪರಿಚಿತವಾದ ಸಾಧನಗಳು. ಇವುಗಳ ಬೆಲೆ ಅಪಾರವಾದುದು. ಆದರೆ ಇವುಗಳಿಗೆ ಒಂದು ಮಿತಿಯೂ ಉಂಟು. ಶಾಸನವು ದಾನ ಕೊಟ್ಟವನ ಹೆಸರನ್ನು ಹೇಳುತ್ತದೆ. ಆ ದಾನದ ಅನ್ನವನ್ನು ಉಂಡವರ ಹೆಸರನ್ನು ಹೇಳುವುದು ಅಪರೂಪ. ಕೆರೆ ಕಟ್ಟಿಸಿದವನನ್ನು ಹೊಗಳುತ್ತದೆ. ಮಣ್ಣು ಹೊತ್ತವರ ಊರು ಯಾವುದು, ಅವರು ಏನನ್ನು ಉಣ್ಣುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಇಂತಹ ಅಸಂಖ್ಯಾತ ಜನರು ತಮ್ಮ ಹೆಸರನ್ನು ಎಲ್ಲಿಯೂ ಬರೆಸದೆ ಹೋದರೂ ತಮ್ಮ ಹಲ್ಲುಗಳನ್ನು ಮಣ್ಣಿನಲ್ಲಿ ಬಿಟ್ಟುಹೋಗಿದ್ದಾರೆ.

ಹಲ್ಲಿನ ರಚನೆ

ಹಲ್ಲಿನ ಹೊರಮೈಯನ್ನು ಮುಚ್ಚಿರುವ ಬಿಳಿಯ ಹೊದಿಕೆಗೆ ಎನಾಮಲ್ ಎಂದು ಹೆಸರು. ಮನುಷ್ಯ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ಪದಾರ್ಥ ಬೇರೊಂದಿಲ್ಲ. ಇದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಕ್ಯಾಲ್ಸಿಯಂ ಮತ್ತು ರಂಜಕಗಳಿಂದಾದ ಖನಿಜವೇ ಆಗಿದೆ. ಅದರ ಒಳಗೆ ಡೆಂಟೀನ್ ಎಂಬ ತುಸು ಮೆತ್ತನೆಯ ದಂತದ್ರವ್ಯವಿದೆ. ನಡುವೆ ನರ ಮತ್ತು ರಕ್ತನಾಳಗಳಿರುವ ತಿರುಳು. ಮಾಂಸ ಕರಗಿ, ಎಲುಬೂ ಪುಡಿಯಾದ ನೆಲದಲ್ಲಿ ಅನೇಕ ವೇಳೆ ಹಲ್ಲುಗಳು ಮಾತ್ರ ಉಳಿದಿರುವುದಕ್ಕೆ ಈ ಗಟ್ಟಿತನವೇ ಕಾರಣ.

ಎಲುಬಿಗೂ ಹಲ್ಲಿಗೂ ಇನ್ನೊಂದು ಮುಖ್ಯ ಭೇದವಿದೆ. ಎಲುಬು ಜೀವಮಾನವಿಡೀ ಸವೆದು ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತದೆ. ಆದುದರಿಂದ ಅದು ಹೇಳುವುದು ಬಾಳಿನ ಕೊನೆಯ ಕೆಲವು ವರ್ಷಗಳ ವಿಷಯವನ್ನು. ಎನಾಮಲ್ ಹಾಗಲ್ಲ. ಒಮ್ಮೆ ರೂಪುಗೊಂಡ ಮೇಲೆ ಅದು ಮತ್ತೆ ಬೆಳೆಯುವುದಿಲ್ಲ, ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವುದೂ ಇಲ್ಲ. ಮುದುಕನ ಬಾಯಲ್ಲಿರುವ ದವಡೆಹಲ್ಲಿನ ಎನಾಮಲ್ ಆತನ ಬಾಲ್ಯದಲ್ಲಿ ಕಟ್ಟಿಕೊಂಡದ್ದೇ ಆಗಿರುತ್ತದೆ.

ಹಾಲುಹಲ್ಲುಗಳ ಎನಾಮಲ್ ಗರ್ಭದ ನಾಲ್ಕನೆಯ ತಿಂಗಳ ಹೊತ್ತಿಗೆ ಮೂಡತೊಡಗುತ್ತದೆ. ಆರನೆಯ ವಯಸ್ಸಿನ ಸುಮಾರಿಗೆ ಹೊರಬರುವ ಮೊದಲನೆಯ ಶಾಶ್ವತ ದವಡೆಹಲ್ಲು ವಸಡಿನೊಳಗೆ ರೂಪುಗೊಳ್ಳತೊಡಗುವುದು ಮಗು ಹುಟ್ಟುವ ಕಾಲದಲ್ಲಿಯೇ. ಮೂರು ವರ್ಷ ತುಂಬುವ ಹೊತ್ತಿಗೆ ಅದರ ತಲೆಭಾಗ ಮುಗಿದಿರುತ್ತದೆ. ಎರಡನೆಯ ದವಡೆಹಲ್ಲಿನ ತಲೆಭಾಗ ಏಳೆಂಟು ವರ್ಷಕ್ಕೆ, ಬುದ್ಧಿಹಲ್ಲಿನದು ಹನ್ನೆರಡರಿಂದ ಹದಿನಾರು ವರ್ಷದೊಳಗೆ ಪೂರ್ಣವಾಗುತ್ತದೆ. ಒಂದೇ ಬಾಯಿಯ ಈ ಮೂರು ಹಲ್ಲುಗಳು ಶೈಶವ, ಬಾಲ್ಯ, ಕೌಮಾರಗಳೆಂಬ ಮೂರು ಅಧ್ಯಾಯಗಳಂತಿವೆ.

ಎನಾಮಲ್ ದಿನದಿನವೂ ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ತೆಳ್ಳಗೆ ಸೀಳಿದ ಹಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ದಿನಕ್ಕೊಂದರಂತೆ ಮೂಡಿದ ನವುರಾದ ಗೆರೆಗಳೂ, ಆರರಿಂದ ಹನ್ನೆರಡು ದಿನಗಳಿಗೊಮ್ಮೆ ಮೂಡಿದ ಎದ್ದುಕಾಣುವ ಗೆರೆಗಳೂ ತೋರುತ್ತವೆ. ಮರದ ಬೊಡ್ಡೆಯಲ್ಲಿ ವರ್ಷಕ್ಕೊಂದು ಬಳೆ ಮೂಡುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಈ ಗೆರೆಗಳ ನಡುವೆ ಒಂದು ಗೆರೆ ವಿಶಿಷ್ಟವಾದುದು. ಮಗು ಗರ್ಭದ ಬೆಚ್ಚನೆಯ ಆಶ್ರಯದಿಂದ ಹೊರಗಿನ ಗಾಳಿಗೆ ಬಂದಾಗ ಅದರ ಶರೀರಕ್ಕೆ ಆಗುವ ಆಘಾತವು ಒಂದು ದಪ್ಪ ಗೆರೆಯಾಗಿ ನಿಲ್ಲುತ್ತದೆ. ಅದನ್ನು ಜನನರೇಖೆಯೆಂದು ಕರೆಯಬಹುದು. ಜಾತಕವಿಲ್ಲದ ಮಗುವಿಗೂ ಹುಟ್ಟಿದ ದಿನದ ಬರಹ ಹೀಗೆ ಉಳಿದಿರುತ್ತದೆ.

ಸವೆತ, ಹುಳುಕು ಮತ್ತು ಬೈರಿಗೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ಗಾದೆ. ಪ್ರಾಚೀನರ ಹಲ್ಲುಗಳನ್ನು ನೋಡಿದರೆ ಕಡಲೆಯೇ ಅಲ್ಲ, ಕಡಲೆಯೊಡನೆ ಬಂದ ಕಲ್ಲೂ ಅವರ ಹಲ್ಲನ್ನು ಸವೆಸಿತೆಂಬುದು ತಿಳಿಯುತ್ತದೆ. ಪುರಾತನ ಈಜಿಪ್ಟಿನ ಜನರ ಹಲ್ಲುಗಳು ಬಹುವಾಗಿ ಸವೆದಿವೆ. ಬೀಸುವ ಕಲ್ಲಿನ ಪುಡಿಯೂ ಮರುಭೂಮಿಯ ಮರಳೂ ಅವರ ರೊಟ್ಟಿಯಲ್ಲಿ ಸೇರುತ್ತಿದ್ದುದೇ ಇದಕ್ಕೆ ಕಾರಣ. ಅರಮನೆಯವರ ಹಲ್ಲಿಗೂ ಈ ವಿಷಯದಲ್ಲಿ ರಿಯಾಯಿತಿ ಇರಲಿಲ್ಲ.

ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕಿದವರಲ್ಲಿ ಹಲ್ಲು ಹುಳುಕುವುದು ಸಾಮಾನ್ಯವಾಗಿ ಕಡಿಮೆ. ಬೇಸಾಯ ಮಾಡಿ ಧಾನ್ಯವನ್ನು ಬೇಯಿಸಿ ಉಂಡವರಲ್ಲಿ ಹೆಚ್ಚು. ಮೆತ್ತನೆಯ ಹಿಟ್ಟಿನ ಅಂಶ ಹಲ್ಲಿಗೆ ಅಂಟಿ, ಅಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿಸುವ ಆಮ್ಲವು ಎನಾಮಲನ್ನು ತಿನ್ನುತ್ತದೆ. ಸುಶ್ರುತಸಂಹಿತೆಯು ಹೇಳುವ ದಂತರೋಗಗಳಲ್ಲಿ ಕೃಮಿದಂತವೆಂಬುದೂ ಒಂದು. ಹುಳುವೇ ಹಲ್ಲನ್ನು ತಿನ್ನುತ್ತದೆಂಬ ನಂಬಿಕೆ ಲೋಕದ ಹಲವು ನಾಡುಗಳಲ್ಲಿ ಇತ್ತು. ಕನ್ನಡದ ‘ಹುಳುಕು’ ಶಬ್ದದಲ್ಲಿಯೂ ಹುಳುವೇ ಇದೆ.

ಈ ಹುಳುಕಿಗೆ ಮದ್ದು ಹುಡುಕಿದ ಅತಿ ಪ್ರಾಚೀನರಲ್ಲಿ ಬಲೂಚಿಸ್ತಾನದ ಮೆಹರ್‌ಗಢದವರೂ ಸೇರಿದ್ದಾರೆ. ಇಂದು ಪಾಕಿಸ್ತಾನದಲ್ಲಿರುವ ಬೋಲನ್ ಕಣಿವೆಯ ಬುಡದ ಈ ನೆಲೆಯನ್ನು ಫ್ರಾನ್ಸಿನ ವಿದ್ವಾಂಸ ಜಾನ್ ಫ್ರಾನ್ಸ್ವಾ ಜಾರಿಜ್ ಅವರ ತಂಡ 1974ರಿಂದ ಉತ್ಖನನ ಮಾಡಿತು. ಏಳೂವರೆ ಸಾವಿರದಿಂದ ಒಂಬತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿ ಗೋಧಿ, ಜವೆಗೋಧಿ ಬೆಳೆದು ದನಕರು ಸಾಕಿ ಬದುಕಿದ ಜನರ ಗೋರಿಗಳಲ್ಲಿ ಒಂಬತ್ತು ಮಂದಿಯ ಹನ್ನೊಂದು ದವಡೆಹಲ್ಲುಗಳಿಗೆ ಬೈರಿಗೆಯಿಂದ ತೂತು ಕೊರೆದಿರುವುದು ಕಂಡುಬಂದಿತು. 2006ರಲ್ಲಿ ಈ ಸಂಗತಿ ಪ್ರಕಟವಾಯಿತು. ತೂತುಗಳ ಅಗಲ ಒಂದರಿಂದ ಮೂರು ಮಿಲಿಮೀಟರಿನಷ್ಟು. ಅವುಗಳ ಅಂಚು ಮುಂದಿನ ಅಗಿತದಿಂದ ನುಣುಪಾಗಿರುವುದರಿಂದ ಆ ಜನರು ಚಿಕಿತ್ಸೆಯ ನಂತರವೂ ಬದುಕಿ, ಅದೇ ಹಲ್ಲಿನಿಂದ ಉಂಡರೆಂಬುದು ಖಚಿತ. ಕೊರೆದ ನಾಲ್ಕು ಹಲ್ಲುಗಳಲ್ಲಿ ಹುಳುಕಿನ ಕುರುಹೂ ಇದೆ. ಹಲ್ಲುಗಳೆಲ್ಲವೂ ಬಾಯಿಯ ಹಿಂಭಾಗದವು ಆಗಿರುವುದರಿಂದ ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲವೆಂದೇ ಹೇಳಬೇಕಾಗುತ್ತದೆ.

ಆ ಕುಶಲತೆ ಅವರಿಗೆ ಎಲ್ಲಿಂದ ಬಂದಿತು? ಮೆಹರ್‌ಗಢದವರು ಮಣಿ ಮಾಡುವ ಕಸುಬುದಾರರು. ಚಕಮಕಿ ಕಲ್ಲಿನ ಮೊನೆಯುಳ್ಳ ಬೈರಿಗೆಯನ್ನು ತಿರುಗಿಸಿ, ವೈಡೂರ್ಯದಂತೆ ಹೊಳೆಯುವ ಕಲ್ಲುಗಳಿಗೆ ಎಳೆ ಹೋಗುವಷ್ಟು ಸಣ್ಣ ತೂತು ಕೊರೆಯಬಲ್ಲವರು. ಅದೇ ಸಾಧನದಿಂದ ಪ್ರಯೋಗ ಮಾಡಿ ನೋಡಿದ ವಿದ್ವಾಂಸರಿಗೆ ಎನಾಮಲನ್ನು ಕೊರೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಮಣಿಗಾರನ ಕಸುಬೇ ನೊಂದವನ ಸೇವೆಗೆ ಒದಗಿತೆಂದು ತಿಳಿಯುವುದು ಸಹಜವಾಗಿದೆ. ಸುಮಾರು ಒಂದೂವರೆ ಸಾವಿರ ವರ್ಷ ನಡೆದ ಈ ರೂಢಿ ಮುಂದೆ ಅಲ್ಲಿ ನಿಂತುಹೋಯಿತು.

ಅದೇ ಮೆಹರ್‌ಗಢದವರ ಹಲ್ಲುಗಳ ಮೇಲೆ ಕಂದು ಕಲೆಗಳೂ ಗುಳಿಗಳೂ ಇವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದುದರ ಫಲ ಅದು. ಗದಗ ಜಿಲ್ಲೆಯ ಮುಂಡರಗಿ, ತುಮಕೂರು ಜಿಲ್ಲೆಯ ಪಾವಗಡ ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲನ್ನು ಕಂಡ ಉಪಾಧ್ಯಾಯರಿಗೆ ಈ ಕಲೆಗಳ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಸಾವಿರಾರು ವರ್ಷಗಳ ಅಂತರವಿದ್ದರೂ ನೀರಿನ ದೋಷವು ಬರೆಯುವ ಲಿಪಿ ಒಂದೇ.

ಭಾಷಾಶಾಸ್ತ್ರಕ್ಕೂ ಈ ಸವೆತಕ್ಕೂ ಸಂಬಂಧವಿದೆಯೆಂಬ ಒಂದು ವಾದವನ್ನು ಇಲ್ಲಿಯೇ ಸೂಚಿಸಬಹುದು. ತಕಾರಾದಿಗಳು ದಂತ್ಯಗಳು, ವಕಾರವು ದಂತ್ಯೋಷ್ಠ್ಯ ಎಂಬುದು ವ್ಯಾಕರಣದ ಮೊದಲ ಪಾಠ. ಒರಟಾದ ಆಹಾರವನ್ನು ಅಗಿಯುತ್ತಿದ್ದ ಪ್ರಾಚೀನರಲ್ಲಿ ಹಲ್ಲುಗಳು ಸವೆದು, ಪ್ರಾಯಕ್ಕೆ ಬಂದ ಮೇಲೆ ಮೇಲಿನ ಬಾಚಿಹಲ್ಲಿನ ಅಂಚು ಕೆಳಗಿನದರ ಅಂಚಿಗೆ ನೇರವಾಗಿ ಕೂಡುತ್ತಿತ್ತು. ಮೆತ್ತನೆಯ ಆಹಾರ ಬಂದ ಮೇಲೆ ಮೇಲಿನ ಹಲ್ಲು ತುಸು ಮುಂದಕ್ಕೆ ಚಾಚಿ ನಿಲ್ಲುವುದು ಉಳಿದುಕೊಂಡಿತು. ಕೆಳತುಟಿಗೆ ಮೇಲುಹಲ್ಲನ್ನು ತಾಗಿಸಿ ಉಚ್ಚರಿಸುವ ವರ್ಣಗಳು ಇದರಿಂದ ಸುಲಭವಾದುವೆಂದು ಅಮೆರಿಕದ ಭಾಷಾವಿದ್ವಾಂಸ ಚಾರ್ಲ್ಸ್ ಹಾಕೆಟ್ 1985ರಲ್ಲಿ ಊಹಿಸಿದರು. 2019ರಲ್ಲಿ ಡಾಮಿಯನ್ ಬ್ಲಾಸಿ ಮತ್ತು ಸಂಗಡಿಗರು ಲೋಕದ ಅನೇಕ ಭಾಷೆಗಳನ್ನು ಹೋಲಿಸಿ ಈ ಊಹೆಗೆ ಆಧಾರ ಒದಗಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲವಾದರೂ, ವಕಾರದ ಉಚ್ಚಾರಣೆಯ ಹಿಂದೆ ಒನಕೆ, ಬೀಸುಕಲ್ಲು, ಅಡುಗೆಯ ಮಡಕೆಗಳ ಚರಿತ್ರೆ ಇರಬಹುದೆಂಬುದು ಭಾಷಾಭ್ಯಾಸಿಗಳು ಚಿಂತಿಸತಕ್ಕ ವಿಷಯ.

ಬಾಲ್ಯದ ಗೆರೆಗಳು

ಬೆಳೆಯುವ ಮಗು ಬಹುದಿನ ಹಸಿದರೆ ಅಥವಾ ತೀವ್ರವಾದ ಜ್ವರದಿಂದ ನರಳಿದರೆ ಶರೀರವು ಹಲ್ಲು ಕಟ್ಟುವ ಕೆಲಸವನ್ನು ಕೆಲಕಾಲ ತಡೆಹಿಡಿಯುತ್ತದೆ. ಚೇತರಿಸಿಕೊಂಡ ಮೇಲೆ ಕೆಲಸ ಮುಂದುವರಿಯುತ್ತದೆ. ಈ ತಡೆಯ ಗುರುತು ಎನಾಮಲಿನ ಮೇಲೆ ಅಡ್ಡಗೆರೆಯಾಗಿ, ತಗ್ಗಾಗಿ ಉಳಿಯುತ್ತದೆ. ಗೆರೆ ಹಲ್ಲಿನ ಯಾವ ಎತ್ತರದಲ್ಲಿದೆ ಎಂಬುದರಿಂದ ಆ ಸಂಕಟ ಬಂದದ್ದು ಎಷ್ಟನೆಯ ವಯಸ್ಸಿನಲ್ಲಿ ಎಂಬುದನ್ನೂ ಲೆಕ್ಕ ಹಾಕಬಹುದು.

ಮಹಾರಾಷ್ಟ್ರದ ಇನಾಮಗಾಂವ್ ಎಂಬ ಗ್ರಾಮ ಘೋಡ್ ನದಿಯ ದಡದಲ್ಲಿದೆ. ಆ ನದಿ ಭೀಮೆಯನ್ನು ಸೇರುತ್ತದೆ. ಭೀಮೆ ಕನ್ನಡನಾಡಿಗೆ ಹರಿದುಬಂದು ಕೃಷ್ಣೆಯನ್ನು ಕೂಡುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು 1968ರಿಂದ 1983ರ ವರೆಗೆ ಅಲ್ಲಿ ಉತ್ಖನನ ನಡೆಸಿ, ಮೂರು ಸಾವಿರ ವರ್ಷಗಳಿಗೂ ಹಿಂದಿನ ತಾಮ್ರಶಿಲಾಯುಗದ ಬೇಸಾಯಗಾರರ ಊರೊಂದನ್ನು ಬೆಳಕಿಗೆ ತಂದರು. ಸತ್ತ ಎಳೆಯ ಮಕ್ಕಳನ್ನು ಆ ಜನರು ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಅವುಗಳೊಳಗಿಟ್ಟು, ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ಆ ಮಕ್ಕಳ ಹಾಲುಹಲ್ಲುಗಳನ್ನು, ಅದರಲ್ಲಿಯೂ ಕೋರೆಹಲ್ಲುಗಳನ್ನು, ಪುಣೆಯ ಎಸ್. ಆರ್. ವಾಳಿಂಬೆ ಮತ್ತು ಅಮೆರಿಕದ ಜಾನ್ ಲುಕಾಕ್ಸ್ ಅವರು ಪರೀಕ್ಷಿಸಿ, ಎನಾಮಲಿನ ಕೊರತೆಯ ಗುಳಿಗಳನ್ನು ಎಣಿಸಿದರು. ಹವಾಮಾನವೂ ಬೇಸಾಯದ ರೀತಿಯೂ ಬದಲಾದಂತೆ ಶಿಶುಗಳ ಆರೋಗ್ಯ ಹೇಗೆ ಬದಲಾಯಿತೆಂಬುದನ್ನು ಅರಿಯುವುದು ಅವರ ಉದ್ದೇಶವಾಗಿತ್ತು. ಮಾತು ಬಾರದ ಮಕ್ಕಳು ಹೀಗೆ ಒಂದು ಊರಿನ ಸುಭಿಕ್ಷ ದುರ್ಭಿಕ್ಷಗಳಿಗೆ ಸಾಕ್ಷಿ ನುಡಿದರು.

ಈ ಗೆರೆಗಳನ್ನು ಓದುವಾಗ ಎಚ್ಚರವೊಂದು ಅವಶ್ಯ. ಗೆರೆಗಳುಳ್ಳ ಹಲ್ಲು ದುರ್ಬಲನದು, ಗೆರೆಯಿಲ್ಲದ ಹಲ್ಲು ಸುಖವಾಗಿ ಬೆಳೆದವನದು ಎಂದು ಒಮ್ಮೆಗೇ ತೀರ್ಮಾನಿಸಲಾಗದು. ಗೆರೆ ಮೂಡಬೇಕಾದರೆ ಮಗು ಆ ಸಂಕಟವನ್ನು ದಾಟಿ ಬದುಕಿರಬೇಕು. ಮೊದಲ ಹೊಡೆತಕ್ಕೇ ತೀರಿಕೊಂಡ ಮಗುವಿನ ಹಲ್ಲಿನಲ್ಲಿ ಗೆರೆ ಮೂಡಲು ಸಮಯವೇ ಇರುವುದಿಲ್ಲ. ಆದ್ದರಿಂದ ಒಂದು ಗೆರೆ ಕಷ್ಟಕ್ಕೆ ಸಾಕ್ಷಿಯಾಗಿರುವಂತೆಯೇ ಆ ಕಷ್ಟದಲ್ಲಿ ಮಗುವನ್ನು ಉಳಿಸಿಕೊಂಡ ತಾಯಿಯ, ನೆರೆಹೊರೆಯವರ ಆರೈಕೆಗೂ ಸಾಕ್ಷಿಯಾಗಿರಬಹುದು.

ನೆಲದ ಗುರುತು, ಅನ್ನದ ಗುರುತು

ಹುಟ್ಟಿದ ನೆಲದ ಗುರುತು ಹಲ್ಲಿನಲ್ಲಿ ಹೇಗೆ ಸೇರುತ್ತದೆ? ಬಂಡೆಗಳಲ್ಲಿ ಸ್ಟ್ರಾಂಷಿಯಂ ಎಂಬ ಧಾತು ಇರುತ್ತದೆ. ಒಂದೇ ಧಾತುವಿನ ತೂಕದಲ್ಲಿ ಭೇದವುಳ್ಳ ರೂಪಗಳಿಗೆ ಐಸೊಟೋಪುಗಳೆಂದು ಹೆಸರು. ಬಂಡೆ ಎಷ್ಟು ಹಳೆಯದು, ಯಾವ ಜಾತಿಯದು ಎಂಬುದಕ್ಕೆ ಅನುಸಾರವಾಗಿ ಅದರಲ್ಲಿ ಸ್ಟ್ರಾಂಷಿಯಂನ ಎರಡು ಐಸೊಟೋಪುಗಳ ಪ್ರಮಾಣ ಬೇರೆಬೇರೆಯಾಗಿರುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು; ವಿಜಯಪುರ, ಬೆಳಗಾವಿ ಸೀಮೆಯ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷದ್ದು. ಈ ಎರಡು ನೆಲಗಳ ಪ್ರಮಾಣ ಒಂದೇ ಆಗಿರಲಾರದು. ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ನೀರಿಗೂ ಪೈರಿಗೂ, ಪೈರಿನಿಂದ ಉಣ್ಣುವವರ ಶರೀರಕ್ಕೆ ಸ್ಟ್ರಾಂಷಿಯಂ ಸಾಗಿ, ಕ್ಯಾಲ್ಸಿಯಂನ ಸ್ಥಾನದಲ್ಲಿ ಹಲ್ಲಿನೊಳಗೆ ಕುಳಿತುಬಿಡುತ್ತದೆ. ಮುಂದೆ ಆ ವ್ಯಕ್ತಿ ಎಷ್ಟು ದೂರ ಹೋಗಿ ನೆಲಸಿದರೂ ಬಾಲ್ಯದ ನೆಲದ ಮುದ್ರೆ ಅಳಿಯುವುದಿಲ್ಲ.

ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಸುಮಾರು 5300 ವರ್ಷ ಹಿಂದಿನ ಮನುಷ್ಯನ ಹಲ್ಲನ್ನು ಹೀಗೆ ಪರೀಕ್ಷಿಸಿದಾಗ, ಆತ ಸತ್ತ ಸ್ಥಳದಿಂದ ಅರುವತ್ತು ಕಿಲೋಮೀಟರಿನೊಳಗಿನ ದಕ್ಷಿಣದ ಕಣಿವೆಯೊಂದರಲ್ಲಿ ಬಾಲ್ಯ ಕಳೆದವನೆಂದು ತಿಳಿದುಬಂದಿತು. ಹರಪ್ಪದ ಸ್ಮಶಾನದಲ್ಲಿ ಹೂಳಲ್ಪಟ್ಟ ಅನೇಕರು ಎಳವೆಯಲ್ಲಿ ಬೇರೆ ನೆಲದ ಅನ್ನನೀರು ಸೇವಿಸಿ, ಅನಂತರ ಆ ನಗರಕ್ಕೆ ಬಂದವರೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಲಿಪಿಯನ್ನು ಇನ್ನೂ ಓದಲಾಗದಿರುವ ಆ ನಾಗರಿಕತೆಯ ವಿಷಯದಲ್ಲಿ ಹಲ್ಲಿನ ಲಿಪಿ ಇಷ್ಟನ್ನು ಹೇಳಿರುವುದು ಕಡಿಮೆಯ ಮಾತಲ್ಲ.

ಅನ್ನದ ಗುರುತು ತಿಳಿಯುವುದು ಇಂಗಾಲ ಮತ್ತು ಸಾರಜನಕಗಳ ಐಸೊಟೋಪುಗಳಿಂದ. ಪೈರುಗಳು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವ ರೀತಿ ಮುಖ್ಯವಾಗಿ ಎರಡು ಬಗೆ. ಭತ್ತ, ಗೋಧಿ, ಆಲೂಗಡ್ಡೆ, ಬೇಳೆಕಾಳುಗಳು ಒಂದು ಪಂಗಡ. ಜೋಳ, ರಾಗಿ, ಸಜ್ಜೆ, ಮೆಕ್ಕೆಜೋಳ, ಕಬ್ಬು ಇನ್ನೊಂದು ಪಂಗಡ. ಎರಡರ ಇಂಗಾಲದ ಮುದ್ರೆ ಬೇರೆ. ಅನ್ನ ಉಂಡು ಬೆಳೆದವನಿಗೂ ರೊಟ್ಟಿ, ಮುದ್ದೆ ಉಂಡು ಬೆಳೆದವನಿಗೂ ಇರುವ ಭೇದವನ್ನು ಹಲ್ಲು ಬಲ್ಲದು. ಸಾರಜನಕದ ಮುದ್ರೆಯು ಮೊಲೆಹಾಲು, ಮಾಂಸ, ಮೀನುಗಳ ಪ್ರಮಾಣವನ್ನು ಸೂಚಿಸುತ್ತದೆ. ಮಗುವಿಗೆ ಎದೆಹಾಲು ಬಿಡಿಸಿದ ಕಾಲವೂ ಅದರಿಂದ ತಿಳಿಯುತ್ತದೆ.

ಈ ಪದ್ಧತಿಯ ಅತ್ಯಂತ ಹೃದಯವಿದ್ರಾವಕವಾದ ಪ್ರಯೋಗ ನಡೆದುದು ಐರ್ಲೆಂಡಿನಲ್ಲಿ. ಆ ದೇಶದ ಬಡವರಿಗೆ ಆಲೂಗಡ್ಡೆಯೇ ಅನ್ನವಾಗಿತ್ತು. 1845ರಲ್ಲಿ ಆ ಬೆಳೆಗೆ ರೋಗ ತಗಲಿ ಘೋರ ಕ್ಷಾಮ ತಲೆದೋರಿತು. ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶ ಬಿಟ್ಟುಹೋದರು. ಗತಿಯಿಲ್ಲದವರು ಸರ್ಕಾರದ ನಿರ್ಗತಿಕಾಲಯಗಳ ಬಾಗಿಲಲ್ಲಿ ನೆರೆದರು. ಕಿಲ್ಕೆನ್ನಿ ಎಂಬ ಪಟ್ಟಣದ ಅಂತಹ ಆಲಯದ ಆವರಣದಲ್ಲಿ 1847ರಿಂದ 1851ರ ವರೆಗೆ ಹೂಳಲ್ಪಟ್ಟ ಕನಿಷ್ಠ 970 ಮಂದಿಯ ಸಾಮೂಹಿಕ ಗೋರಿಗಳನ್ನು 2006ರಲ್ಲಿ ಉತ್ಖನನ ಮಾಡಲಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು. ಗೋರಿಯ ಮೇಲೆ ಒಂದು ಹೆಸರೂ ಇರಲಿಲ್ಲ.

ಜೂಲಿಯಾ ಬ್ಯೂಮಾಂಟ್ ಮತ್ತು ಜಾನೆಟ್ ಮಾಂಟ್‌ಗೊಮೆರಿ ಎಂಬ ಇಬ್ಬರು ವಿದುಷಿಯರು ಆ ಹಲ್ಲುಗಳ ಡೆಂಟೀನನ್ನು ಬೇರಿನ ತುದಿಯವರೆಗೆ ತೆಳುವಾದ ಹೋಳುಗಳಾಗಿ ಕತ್ತರಿಸಿದರು. ಒಂದೊಂದು ಹೋಳೂ ಬಾಲ್ಯದ ಕೆಲವೇ ತಿಂಗಳುಗಳ ಕಾಲಾವಧಿಯನ್ನು ಪ್ರತಿನಿಧಿಸುತ್ತದೆ. ಮೊದಲ ಹೋಳುಗಳಲ್ಲಿ ಆಲೂಗಡ್ಡೆಯ ಮುದ್ರೆ. ಬಳಿಕ ಕೆಲವರಲ್ಲಿ ಸಾರಜನಕದ ಮುದ್ರೆ ಏರುತ್ತದೆ. ಮಾಂಸವನ್ನೋ ಮೀನನ್ನೋ ಉಂಡುದರ ಫಲವಲ್ಲ ಅದು. ಆಹಾರವಿಲ್ಲದೆ ಶರೀರವು ತನ್ನ ಮಾಂಸವನ್ನೇ ಕರಗಿಸಿಕೊಂಡು ಬದುಕಿದ ದಿನಗಳ ಗುರುತು. ಅನಂತರ ಇಂಗಾಲದ ಮುದ್ರೆ ಥಟ್ಟನೆ ಬದಲಾಗುತ್ತದೆ. ಅಮೆರಿಕದಿಂದ ತರಿಸಿ ಪರಿಹಾರವೆಂದು ಹಂಚಿದ ಮೆಕ್ಕೆಜೋಳ ಆ ಬಾಯಿಗಳಿಗೆ ಮುಟ್ಟಿದ ಕ್ಷಣ ಅದು. ಕ್ಷಾಮದ ಬರವಣಿಗೆಗಳಲ್ಲಿ ಎಷ್ಟು ಮೂಟೆ ಧಾನ್ಯ ಬಂದಿತು, ಎಷ್ಟು ಹಣ ವೆಚ್ಚವಾಯಿತು ಎಂಬ ಲೆಕ್ಕವಿದೆ. ಆ ಧಾನ್ಯ ಒಂದು ಮಗುವಿನ ಹೊಟ್ಟೆಗೆ ತಲುಪುವುದರೊಳಗೆ ಆ ಮಗು ಎಷ್ಟು ಕರಗಿತ್ತು ಎಂಬ ಲೆಕ್ಕ ಇರುವುದು ಹಲ್ಲಿನಲ್ಲಿ ಮಾತ್ರ.

ದಾಲ್‌ಹೈಮಿನ ನೀಲಿ

ಹಲ್ಲಿನ ಮೇಲೆ ಕಟ್ಟುವ ಗಟ್ಟಿಯಾದ ಪಾಚಿಯನ್ನು ಸುಶ್ರುತಸಂಹಿತೆ ದಂತಶರ್ಕರಾ ಎಂದು ಕರೆಯುತ್ತದೆ. ದಂತವೈದ್ಯರು ಕೆರೆದು ಬಿಸಾಡುವ ಈ ಕಸವೂ ಚರಿತ್ರೆಗೆ ನಿಧಿಯಾಗಿ ಪರಿಣಮಿಸಿದೆ. ಉಂಡ ಧಾನ್ಯದ ಹಿಟ್ಟಿನ ಕಣ, ಉಸಿರಿನೊಡನೆ ಬಂದ ಹೊಗೆ ಮತ್ತು ಧೂಳು, ಬಾಯಲ್ಲಿದ್ದ ಸೂಕ್ಷ್ಮಜೀವಿಗಳ ಅವಶೇಷ ಇವೆಲ್ಲವೂ ಅದರೊಳಗೆ ಸಿಲುಕಿ ಕಲ್ಲಾಗಿ ಉಳಿಯುತ್ತವೆ.

ಜರ್ಮನಿಯ ದಾಲ್‌ಹೈಮ್ ಎಂಬಲ್ಲಿ ಸ್ತ್ರೀಯರ ಚಿಕ್ಕ ಮಠವೊಂದಿತ್ತು. ಸುಮಾರು ಹದಿನಾಲ್ಕು ಮಂದಿ ಸಂನ್ಯಾಸಿನಿಯರು ಅಲ್ಲಿ ವಾಸವಾಗಿದ್ದರು. ಹದಿನಾಲ್ಕನೆಯ ಶತಮಾನದ ಕದನಗಳ ಕಾಲದಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಅಲ್ಲಿನ ಒಂದು ಪುಸ್ತಕವೂ ಉಳಿದಿಲ್ಲ. ಅದರ ಸ್ಮಶಾನದಲ್ಲಿ ದೊರೆತ ಒಬ್ಬ ಸ್ತ್ರೀಯ ಕಾಲ ಕ್ರಿ.ಶ. 1000ರಿಂದ 1200ರ ನಡುವಣದು. ಕನ್ನಡನಾಡಿನಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲ ಅದು. ಸಾಯುವಾಗ ಆಕೆಗೆ ನಲವತ್ತೈದರಿಂದ ಅರುವತ್ತರೊಳಗಿನ ವಯಸ್ಸು. ಎಲುಬುಗಳಲ್ಲಿ ವಿಶೇಷವೇನೂ ಇರಲಿಲ್ಲ. ಆಹಾರದ ವಿಷಯ ತಿಳಿಯಲೆಂದು ಆಕೆಯ ಹಲ್ಲಿನ ಪಾಚಿಯನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಅನಿತಾ ರಾಡಿನಿ ಅವರಿಗೆ ನೂರಕ್ಕೂ ಹೆಚ್ಚು ಗಾಢ ನೀಲಿಯ ಕಣಗಳು ಗೋಚರವಾದುವು.

ಆ ನೀಲಿ ರಾಜಾವರ್ತ ಶಿಲೆಯ ಪುಡಿಯೆಂದು ಪರೀಕ್ಷೆಗಳಿಂದ ಸಿದ್ಧವಾಯಿತು. ಯುರೋಪಿನಲ್ಲಿ ಲಾಪಿಸ್ ಲಾಜುಲಿ ಎಂದು ಹೆಸರಾದ ಈ ಶಿಲೆ ಆ ಕಾಲದಲ್ಲಿ ದೊರೆಯುತ್ತಿದ್ದುದು ಆಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಲ್ಲಿ. ಮೆಹರ್‌ಗಢದ ಮಣಿಗಾರರು ಸಾವಿರಾರು ವರ್ಷಗಳ ಹಿಂದೆ ಬಳಸುತ್ತಿದ್ದ ನೀಲಿ ಕಲ್ಲೂ ಇದೇ. ವರ್ತಕರ ಕೈಯಿಂದ ಕೈಗೆ ದಾಟಿ ಯುರೋಪನ್ನು ಮುಟ್ಟುವ ಹೊತ್ತಿಗೆ ಅದರ ಬೆಲೆ ಬಂಗಾರದಂತೆ ಏರುತ್ತಿತ್ತು. ಅತ್ಯಂತ ಪವಿತ್ರವಾದ ಗ್ರಂಥಗಳ ಚಿತ್ರಗಳಿಗೆ ಮಾತ್ರ, ಕುಶಲಿಗಳೆಂದು ಹೆಸರಾದವರ ಕೈಗೆ ಮಾತ್ರ ಆ ಬಣ್ಣವನ್ನು ಕೊಡುತ್ತಿದ್ದರು.

ಅದು ಈ ಸ್ತ್ರೀಯ ಬಾಯಿಗೆ ಬಂದುದು ಹೇಗೆ? ಔಷಧವಾಗಿ ಸೇವಿಸಿರಬಹುದು, ಬಣ್ಣ ಬಳಿದ ಚಿತ್ರಕ್ಕೆ ಭಕ್ತಿಯಿಂದ ಮುತ್ತಿಟ್ಟಿರಬಹುದು, ಬೇರೆಯವರಿಗಾಗಿ ಬಣ್ಣ ಅರೆಯುವಾಗ ಧೂಳು ಸೇರಿರಬಹುದು, ತಾನೇ ಗ್ರಂಥಗಳಿಗೆ ಚಿತ್ರ ಬರೆಯುತ್ತಿದ್ದಿರಬಹುದು ಎಂಬ ನಾಲ್ಕು ಪಕ್ಷಗಳನ್ನು ಕ್ರಿಸ್ಟಿನಾ ವಾರಿನರ್ ಮತ್ತು ಸಂಗಡಿಗರು ವಿಚಾರಮಾಡಿದರು. ಕುಂಚದ ತುದಿಯನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡಿಕೊಳ್ಳುವುದು ಚಿತ್ರಕಾರರ ಅಭ್ಯಾಸ. ಕಣಗಳು ಅನೇಕ ಸಲ, ಬೇರೆಬೇರೆ ಕಾಲದಲ್ಲಿ ಸೇರಿದಂತಿರುವುದರಿಂದ ಚಿತ್ರ ಬರೆಯುತ್ತಿದ್ದಳೆಂಬ ಪಕ್ಷವೇ ಬಲವಾದುದೆಂದು ಅವರು 2019ರಲ್ಲಿ ನಿರ್ಣಯಿಸಿದರು.

ಓಲೆಗರಿಗಳ ನಡುವೆ ಬಾಳನ್ನು ಕಳೆದ ವಿದ್ವಾಂಸರಿಗೆ ಈ ಸಂಗತಿಯ ಮಹತ್ತ್ವ ಕೂಡಲೇ ಹೊಳೆಯುತ್ತದೆ. ಗ್ರಂಥಗಳನ್ನು ಪ್ರತಿ ಮಾಡಿದ ಅಸಂಖ್ಯಾತ ಲಿಪಿಕಾರರು ತಮ್ಮ ಹೆಸರನ್ನು ಬರೆದುಕೊಂಡಿಲ್ಲ. ಯುರೋಪಿನಲ್ಲಿ ಆ ಕಾಲದ ಗ್ರಂಥಲೇಖನವೆಂದರೆ ಪುರುಷ ಸಂನ್ಯಾಸಿಗಳ ಕೆಲಸವೆಂದೇ ಬಹುಕಾಲ ಗ್ರಹಿಸಲಾಗಿತ್ತು. ಸ್ತ್ರೀಯರ ಹೆಸರುಳ್ಳ ಗ್ರಂಥಗಳು ತೀರ ವಿರಳ. ದಾಲ್‌ಹೈಮಿನ ಈ ತಾಯಿ ಬರೆದ ಪುಸ್ತಕ ಸುಟ್ಟುಹೋಯಿತು, ಮಠ ಬಿದ್ದುಹೋಯಿತು, ಹೆಸರು ಮರೆತುಹೋಯಿತು. ಆಕೆ ಕೆಲಸ ಮಾಡುತ್ತಿದ್ದಾಗ ಅರಿವಿಲ್ಲದೆ ಹಲ್ಲಿಗೆ ಅಂಟಿದ ಬಣ್ಣವೊಂದು ಉಳಿದು, ವಿದ್ವತ್ ಲೋಕದ ಒಂದು ತಪ್ಪು ಗ್ರಹಿಕೆಯನ್ನು ತಿದ್ದಿತು.

ಓದುವವರ ವಿವೇಕ

ಶಾಸನವನ್ನು ಓದುವಾಗ ನಶಿಸಿದ ಅಕ್ಷರಗಳನ್ನು ಮನಬಂದಂತೆ ತುಂಬಿಸಬಾರದೆಂಬ ನಿಯಮವಿದೆ. ಹಲ್ಲಿಗೂ ಅದೇ ನಿಯಮ. ಹಲ್ಲು ನೆಲವನ್ನು ಹೇಳೀತು, ಭಾಷೆಯನ್ನು ಹೇಳಲಾರದು. ಅನ್ನವನ್ನು ಹೇಳೀತು, ಅದನ್ನು ಬಡಿಸಿದವರ ಮನಸ್ಸನ್ನು ಹೇಳಲಾರದು. ಒಂದೇ ಬಗೆಯ ಬಂಡೆಯುಳ್ಳ ಎರಡು ದೂರದ ಸೀಮೆಗಳ ಮುದ್ರೆ ಒಂದೇ ಆಗಿ ತೋರಲೂಬಹುದು. ಅಲ್ಲದೆ ಹಲವು ಪರೀಕ್ಷೆಗಳಿಗೆ ಹಲ್ಲಿನ ಭಾಗವನ್ನು ಪುಡಿಮಾಡಬೇಕಾಗುತ್ತದೆ. ಮತ್ತೆಂದೂ ದೊರೆಯದ ಸಾಕ್ಷಿಯನ್ನು ವ್ಯಯಮಾಡುವ ಮುನ್ನ ಸಂಶೋಧಕನು ನೂರು ಬಾರಿ ಯೋಚಿಸತಕ್ಕದ್ದು.

ಆ ಹಲ್ಲು ಒಬ್ಬ ಮನುಷ್ಯನದೆಂಬುದನ್ನೂ ಮರೆಯಲಾಗದು. ನ್ಯೂಯಾರ್ಕ್ ನಗರದಲ್ಲಿ 1991ರಲ್ಲಿ ಕಟ್ಟಡದ ಪಾಯ ತೆಗೆಯುವಾಗ ಆಫ್ರಿಕಾ ಮೂಲದವರ ಹಳೆಯ ಸ್ಮಶಾನ ಬಯಲಾಯಿತು. ಗುಲಾಮರಾಗಿ ದುಡಿದವರು ಅಲ್ಲಿ ಮಲಗಿದ್ದರು. ನಾನೂರಕ್ಕೂ ಹೆಚ್ಚು ಮಂದಿಯ ಅವಶೇಷಗಳು ದೊರೆತುವು. ಕೆಲವರ ಹಲ್ಲುಗಳು ಆಫ್ರಿಕಾದ ಪದ್ಧತಿಯಂತೆ ಅರದಿಂದ ಉಜ್ಜಿ ರೂಪಗೊಳಿಸಿದವು. ಸೆರೆಹಿಡಿದು ಸಮುದ್ರ ದಾಟಿಸಿ ತಂದವರೆಂಬುದನ್ನು ಆ ಹಲ್ಲುಗಳು ಹೇಳಿದುವು. ಆ ಜನಾಂಗದವರು ಒಟ್ಟಾಗಿ ನಿಂತು ತಮ್ಮ ಹಿರಿಯರ ಅವಶೇಷಗಳಿಗೆ ತಕ್ಕ ಗೌರವವನ್ನು ಕೇಳಿದರು. ಅಧ್ಯಯನ ಮುಗಿದ ಮೇಲೆ 2003ರಲ್ಲಿ ಅವುಗಳನ್ನು ವಿಧಿಪೂರ್ವಕವಾಗಿ ಅದೇ ನೆಲಕ್ಕೆ ಮರಳಿಸಲಾಯಿತು. ಜ್ಞಾನಕ್ಕಾಗಿ ಅಗೆದವರು ಗೌರವದಿಂದ ಮತ್ತೆ ಮುಚ್ಚುವುದನ್ನೂ ಕಲಿತರೆಂಬುದು ಸಮಾಧಾನದ ಸಂಗತಿ.

ಉಪಸಂಹಾರ

ಮೆಹರ್‌ಗಢದ ರೋಗಿ, ಇನಾಮಗಾಂವಿಯ ಶಿಶು, ಕಿಲ್ಕೆನ್ನಿಯ ಹಸಿದ ಮಗು, ದಾಲ್‌ಹೈಮಿನ ಚಿತ್ರಕಾರ್ತಿ ಇವರಲ್ಲಿ ಒಬ್ಬರ ಹೆಸರೂ ಲೋಕಕ್ಕೆ ತಿಳಿಯದು. ಆದರೂ ಒಬ್ಬನ ನೋವು, ಒಬ್ಬಳ ಕಸುಬು, ಒಂದು ಮಗುವಿನ ಹಸಿವು ಇಂದು ಲೋಕಕ್ಕೆ ತಿಳಿದಿವೆ. ದೊಡ್ಡವರ ಕೀರ್ತಿಯನ್ನು ಬರೆದಿಡಲು ಕಲ್ಲೂ ಕಂಠಪತ್ರವೂ ಬೇಕಾದುವು. ಸಾಮಾನ್ಯರ ಬಾಳನ್ನು ಅವರ ಬಾಯಿಯೇ ಬರೆದಿಟ್ಟುಕೊಂಡಿತು.

ಈ ಅಧ್ಯಯನದಿಂದ ವರ್ತಮಾನಕ್ಕೂ ಒಂದು ಪಾಠವುಂಟು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸಾಲಾಗಿ ನಿಂತು ಬಾಯ್ತೆರೆದು ಹಾಡುವ ಮಕ್ಕಳ ವಸಡಿನೊಳಗೆ ಆ ಗಳಿಗೆಯಲ್ಲಿಯೇ ಮುಂದಿನ ಹಲ್ಲುಗಳು ಕಟ್ಟಿಕೊಳ್ಳುತ್ತಿರುತ್ತವೆ. ಅಕ್ಷರ ಕಲಿಯುವ ಆರನೆಯ ವಯಸ್ಸಿನಿಂದ ಶಾಲೆ ಬಿಡುವ ಹದಿನಾರನೆಯ ವಯಸ್ಸಿನ ವರೆಗೆ ಮಗು ಉಂಡ ಅನ್ನ, ಕುಡಿದ ನೀರು, ಅನುಭವಿಸಿದ ಹಸಿವು ಎಲ್ಲವೂ ಅಲ್ಲಿ ದಾಖಲಾಗುತ್ತಿವೆ. ದೂರದ ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಗೆ ಅಕ್ಷರದೊಡನೆ ಎರಡು ಹೊತ್ತಿನ ಅನ್ನವನ್ನೂ ಶುದ್ಧವಾದ ನೀರನ್ನೂ ಕೊಟ್ಟವರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸದಿದ್ದರೂ ಚಿಂತೆಯಿಲ್ಲ. ಆ ಅನ್ನದ ಗುರುತು ಅದನ್ನು ಉಂಡವನ ಹಲ್ಲಿನಲ್ಲಿ ಅವನಿರುವವರೆಗೂ, ಅವನ ಅನಂತರವೂ ಉಳಿಯುತ್ತದೆ.